ಒಂದು ಸಭೆಗೆ ಬಹಿಷ್ಕೃತ, ಇನ್ನೊಂದಕ್ಕೆ ಪೂಜ್ಯ: ಬ್ರಹ್ಮಾವರ ಮರೆಯದ ಅಲ್ವಾರಿಸ್

ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಕೊಂಕಣಿ ಮಾತನಾಡುವ ಕ್ರೈಸ್ತ ಸಮುದಾಯವೊಂದಿದೆ. ಮನೆಮಾತು, ಮನೆತನದ ಹೆಸರುಗಳಲ್ಲಿ ಇವರಿಗೂ ಕರಾವಳಿಯ ಕಥೋಲಿಕರಿಗೂ ವ್ಯತ್ಯಾಸವಿಲ್ಲ. ಆದರೆ ಇವರು ಪೋಪರ ಅಧೀನರಲ್ಲ. ಕೇರಳ ಮೂಲದ ಮಲಂಕರ ಆರ್ಥೊಡಾಕ್ಸ್ ಸಿರಿಯನ್ ಸಭೆಗೆ ಸೇರಿದವರು. ಈ ಕವಲಿನ ಮೂಲದಲ್ಲಿ ನಿಲ್ಲುವವರು ಗೋವಾದ ಪಾದ್ರಿ ಆಂಟೋನಿಯೊ ಫ್ರಾನ್ಸಿಸ್ಕೊ ಕ್ಸೇವಿಯರ್ ಅಲ್ವಾರಿಸ್. ಕಥೋಲಿಕ ಧರ್ಮಸಭೆ ಅವರನ್ನು ಬಹಿಷ್ಕರಿಸಿತು. ಆರ್ಥೊಡಾಕ್ಸ್ ಸಭೆ ಅವರಿಗೆ ಧರ್ಮಾಧ್ಯಕ್ಷ ಪಟ್ಟ ಕಟ್ಟಿ, ಇಂದಿಗೂ ಪೂಜ್ಯರೆಂದು ಸ್ಮರಿಸುತ್ತದೆ. ಕ್ರೈಸ್ತರಲ್ಲಿ ‘ಪಾಷಂಡ’ವೆಂಬ ಮಾತಿಗೆ ಒಂದೇ ಅರ್ಥವಿಲ್ಲ ಎಂಬುದಕ್ಕೆ ಅವರ ಬದುಕು ನಿದರ್ಶನ.

ಅಧಿಕಾರದ ವ್ಯಾಜ್ಯ

ಅಲ್ವಾರಿಸ್ ಹುಟ್ಟಿದ್ದು 1836ರಲ್ಲಿ, ಗೋವಾದ ವೆರ್ಣಾದಲ್ಲಿ. ಆ ಕಾಲಕ್ಕೆ ಭಾರತದ ಕಥೋಲಿಕರ ಮೇಲೆ ಎರಡು ಅಧಿಕಾರಗಳಿದ್ದವು. ಧರ್ಮಾಧ್ಯಕ್ಷರನ್ನು ಹೆಸರಿಸುವ, ಇಗರ್ಜಿಗಳನ್ನು ಪೋಷಿಸುವ ಹಕ್ಕನ್ನು ಪೋಪರು ಹಿಂದೆಯೇ ಪೋರ್ಚುಗಲ್ ದೊರೆಗೆ ನೀಡಿದ್ದರು. ಇದಕ್ಕೆ ‘ಪದ್ರುವಾದೊ’ ಎಂದು ಹೆಸರು. ಇನ್ನೊಂದು, 1622ರಲ್ಲಿ ರೋಮಿನಲ್ಲೇ ಸ್ಥಾಪನೆಯಾದ ‘ಪ್ರೊಪಗಾಂಡಾ’ ಮಂಡಳಿ. ಕನ್ನಡ ಜಿಲ್ಲೆಯ ಕರಾವಳಿಯೂ ಈ ಎಳೆದಾಟಕ್ಕೆ ಸಿಲುಕಿತ್ತು. ಗೋವಾದ ಪಾದ್ರಿಗಳಿಗೆ ನಿಷ್ಠರಾದ ಇಗರ್ಜಿಗಳು ಒಂದೆಡೆಯಾದರೆ, ರೋಮ್ ನೇರವಾಗಿ ಕಳುಹಿಸಿದ ಯುರೋಪಿನ ಗುರುಗಳ ಆಡಳಿತ ಇನ್ನೊಂದೆಡೆ.

1886ರಲ್ಲಿ ಪೋಪ್ 13ನೇ ಲಿಯೊ ಪೋರ್ಚುಗಲ್‌ನೊಡನೆ ಒಪ್ಪಂದ ಮಾಡಿಕೊಂಡು, ಬ್ರಿಟಿಷ್ ಭಾರತದ ಧರ್ಮಪ್ರಾಂತ್ಯಗಳನ್ನು ಮರುರಚಿಸಿದರು. ಪದ್ರುವಾದೊ ಪರವಿದ್ದವರಿಗೆ ಇದು ದೊಡ್ಡ ಪೆಟ್ಟು. ಅಲ್ವಾರಿಸ್ ಮತ್ತು ಡಾ. ಪೆದ್ರು ಮಾನುಯೆಲ್ ಲಿಸ್ಬೋವಾ ಪಿಂಟೊ ಅವರ ಮುಂದಾಳತ್ವದಲ್ಲಿ ಮುಂಬಯಿಯ ಗೋವನ್ನರು ಚಳವಳಿ ಹೂಡಿದರು. ಮನವಿಗಳು ಫಲಿಸಲಿಲ್ಲ. ಕೊನೆಗೆ ಅಲ್ವಾರಿಸ್ ರೋಮಿನ ಸಂಬಂಧವನ್ನೇ ಕಡಿದುಕೊಂಡು ಮಲಬಾರಿನ ಸಿರಿಯನ್ ಸಭೆಯತ್ತ ನಡೆದರು. 1889ರ ಜುಲೈನಲ್ಲಿ ಕೊಟ್ಟಾಯಂನಲ್ಲಿ ಅವರಿಗೆ ‘ಮಾರ್ ಜೂಲಿಯಸ್’ ಎಂಬ ಹೆಸರಿನಲ್ಲಿ ಪಟ್ಟವಾಯಿತು. ಪಟ್ಟ ಕಟ್ಟಿದವರಲ್ಲಿ ಮುಂದೆ ಸಂತರೆಂದು ಘೋಷಿತರಾದ ಪರುಮಲದ ಮಾರ್ ಗ್ರೆಗೋರಿಯೋಸ್ ಕೂಡ ಇದ್ದರು. ಬ್ರಹ್ಮಾವರ ಸೀಮೆಯಲ್ಲಿ ಈ ಪಂಗಡವನ್ನು ಬೆಳೆಸಿದವರು ಅವರ ಸಹವರ್ತಿ, ಪಾದ್ರಿ ರೋಕ್ ಝೆಫ್ರಿನ್ ನೊರೊನ್ಹಾ.

ತಪ್ಪು ಯಾವುದು?

ಅಲ್ವಾರಿಸ್ ಯೇಸುವಿನ ದೈವತ್ವವನ್ನಾಗಲಿ ಸಂಸ್ಕಾರಗಳನ್ನಾಗಲಿ ನಿರಾಕರಿಸಿದವರಲ್ಲ. ಅವರ ಅನುಯಾಯಿಗಳು ಲ್ಯಾಟಿನ್ ಪೂಜಾಕ್ರಮವನ್ನೇ ಉಳಿಸಿಕೊಂಡರು. ಕಥೋಲಿಕ ಧರ್ಮಶಾಸ್ತ್ರದಲ್ಲಿ ವಿಶ್ವಾಸದ ಸತ್ಯವನ್ನು ಹಟದಿಂದ ಅಲ್ಲಗಳೆಯುವುದು ಪಾಷಂಡ. ಪೋಪರ ಅಧೀನತೆಯನ್ನು ತೊರೆಯುವುದು ಭಿನ್ನತೆ. ಈ ಲೆಕ್ಕದಲ್ಲಿ ಅವರದು ಎರಡನೆಯ ದೋಷ. ಆದರೆ 1870ರ ಮೊದಲ ವ್ಯಾಟಿಕನ್ ಮಹಾಸಭೆ ಪೋಪರ ಪರಮಾಧಿಕಾರವನ್ನೇ ವಿಶ್ವಾಸದ ಸತ್ಯವೆಂದು ಸಾರಿದ ಮೇಲೆ ಇವೆರಡರ ನಡುವಣ ಗೆರೆ ತೆಳುವಾಯಿತು. ಸಾಲದ್ದಕ್ಕೆ ಅವರು ಸೇರಿದ ಸಭೆ, ಕ್ರಿಸ್ತನ ಸ್ವಭಾವ ಕುರಿತ 451ರ ಕ್ಯಾಲ್ಸಿಡನ್ ಮಹಾಸಭೆಯ ನಿರ್ಣಯವನ್ನು ಒಪ್ಪದ ಪರಂಪರೆಯದು.

ಆ ಪರಂಪರೆಯ ದೃಷ್ಟಿಯೇ ಬೇರೆ. ಒಬ್ಬನೇ ಕ್ರಿಸ್ತನಲ್ಲಿ ಎರಡು ಸ್ವಭಾವಗಳೆಂದು ಹೇಳಿ ದಾರಿ ತಪ್ಪಿದವರು ಕ್ಯಾಲ್ಸಿಡನ್ ಪಕ್ಷದವರೇ ಎಂಬುದು ಅದರ ನಿಲುವಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪ್ರಾಟೆಸ್ಟೆಂಟರಿಗೋ ಬೈಬಲ್ ಒಂದೇ ಅಳತೆಗೋಲು. ಪೋಪರ ಪರಮಾಧಿಕಾರವೇ ಅವರಿಗೆ ಅಸಮ್ಮತ.

ಕೊನೆಯವರೆಗೂ ಕದಲದ ನಿಲುವು

1892ರಲ್ಲಿ ಅಲ್ವಾರಿಸ್ ಕೊಲಂಬೊದಲ್ಲಿ ಜೋಸೆಫ್ ರೆನೆ ವಿಲಾತ್ ಅವರಿಗೆ ಧರ್ಮಾಧ್ಯಕ್ಷ ಪಟ್ಟ ನೀಡಿದರು. ಅಮೆರಿಕದ ಹಲವು ಸ್ವತಂತ್ರ ಸಭೆಗಳು ತಮ್ಮ ಗುರುಪರಂಪರೆಯನ್ನು ಇಂದಿಗೂ ಇಲ್ಲಿಂದಲೇ ಎಣಿಸುತ್ತವೆ. ಗೋವಾದಲ್ಲಿ ಅವರು ಪತ್ರಿಕೆಗಳನ್ನು ನಡೆಸಿ ಸರ್ಕಾರವನ್ನು ಟೀಕಿಸಿದರು. ರಾಜದ್ರೋಹದ ಆರೋಪದ ಮೇಲೆ ಬಂಧಿತರಾದರು. ಧರ್ಮಾಧ್ಯಕ್ಷರ ಉಡುಪನ್ನು ಕಳಚಿ ಅವಮಾನಿಸಲಾಯಿತಾದರೂ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಕಾಲರಾ ಚಿಕಿತ್ಸೆಯ ಬಗ್ಗೆ ಕಿರುಹೊತ್ತಗೆ ಬರೆದರು. ಪಣಜಿಯಲ್ಲಿ ಬಡವರಿಗೆ, ಕುಷ್ಠರೋಗಿಗಳಿಗೆ ಆಶ್ರಯ ಕೊಟ್ಟರು.

1923ರ ಸೆಪ್ಟೆಂಬರ್ 23ರಂದು ರಿಬಂದರ್‌ನ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಕಥೋಲಿಕ ಸಭೆಗೆ ಮರಳಲು ಮರಣಶಯ್ಯೆಯಲ್ಲೂ ಒಪ್ಪಲಿಲ್ಲ. ಬಹಿಷ್ಕೃತರಿಗೆ ಧರ್ಮಸಭೆಯ ಅಂತ್ಯಸಂಸ್ಕಾರವಿಲ್ಲ; ಅಭಿಮಾನಿಗಳೇ ಪಣಜಿಯಲ್ಲಿ ಅವರನ್ನು ಮಣ್ಣು ಮಾಡಿದರು. ಅವರ ಅಸ್ಥಿ ಈಗ ರಿಬಂದರ್‌ನ ಸೇಂಟ್ ಮೇರಿ ಆರ್ಥೊಡಾಕ್ಸ್ ಇಗರ್ಜಿಯಲ್ಲಿದ್ದು, ಪ್ರತಿ ಸೆಪ್ಟೆಂಬರ್‌ನಲ್ಲಿ ಸ್ಮರಣೋತ್ಸವ ನಡೆಯುತ್ತದೆ. 2010ರಲ್ಲಿ ಬ್ರಹ್ಮಾವರ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು.

ಅಲ್ವಾರಿಸ್ ತೀರಿಕೊಂಡು 61 ವರ್ಷಗಳ ಬಳಿಕ, 1984ರಲ್ಲಿ ಪೋಪ್ 2ನೇ ಜಾನ್ ಪಾಲ್ ಮತ್ತು ಸಿರಿಯನ್ ಪಿತೃಪ್ರಧಾನ 1ನೇ ಝಕ್ಕಾ ಜಂಟಿ ಘೋಷಣೆಗೆ ಸಹಿ ಹಾಕಿದರು. ಕ್ರಿಸ್ತನ ಕುರಿತ ಹಳೆಯ ಒಡಕು ವಿಶ್ವಾಸದ್ದಲ್ಲ, ಪದಬಳಕೆಯದು ಎಂಬುದು ಅದರ ಸಾರ. 1990ರಲ್ಲಿ ಮಲಂಕರ ಸಭೆಯೊಡನೆಯೂ ಇಂಥದೇ ಒಮ್ಮತ ಮೂಡಿತು. ಹದಿನೈದು ಶತಮಾನಗಳ ಪಾಷಂಡದ ಆರೋಪ ಹೀಗೆ ಸಡಿಲಗೊಂಡಿತು. ಅಲ್ವಾರಿಸ್ ಎತ್ತಿದ ಅಧಿಕಾರದ ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ.