ತಾವೇ ಕಂಡ ತತ್ತ್ವದ ಸುರಂಗದಲ್ಲಿ ಇಸಿಡೋರ್ ರಬಿ

ಮಂಡಿಗೆ ಪೆಟ್ಟು ಬಿದ್ದು ಎಂ.ಆರ್.ಐ. ಕೊಠಡಿಯಲ್ಲಿ ಮಲಗುವವರಿಗೆ ಇಸಿಡೋರ್ ಐಸಾಕ್ ರಬಿ ಎಂಬ ಹೆಸರು ನೆನಪಾಗುವುದು ವಿರಳ. ಆದರೆ ಆ ಯಂತ್ರದ ಬುಡದಲ್ಲಿರುವ ತತ್ತ್ವವನ್ನು ಮೊದಲಿಗೆ ಪ್ರಯೋಗದಿಂದ ತೋರಿಸಿಕೊಟ್ಟವರು ಈ ವಿಜ್ಞಾನಿ. ಬದುಕಿನ ಕೊನೆಯ ದಿನಗಳಲ್ಲಿ ಅದೇ ಬಗೆಯ ಯಂತ್ರದೊಳಗೆ ರೋಗಿಯಾಗಿ ಮಲಗಿದವರೂ ಅವರೇ.

ರಬಿ ಜನಿಸಿದ್ದು 1898ರ ಜುಲೈ 29ರಂದು, ಅಂದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿದ್ದು ಇಂದು ಪೋಲೆಂಡ್‌ಗೆ ಸೇರಿರುವ ರೈಮನೂವ್ ಎಂಬ ಊರಿನ ಬಡ ಯಹೂದಿ ಕುಟುಂಬದಲ್ಲಿ. ತಂದೆ ಮೊದಲು ಅಮೆರಿಕಕ್ಕೆ ವಲಸೆ ಹೋದರು. ತಾಯಿ ಕೈಗೂಸನ್ನು ಎತ್ತಿಕೊಂಡು ನಂತರ ನ್ಯೂಯಾರ್ಕ್ ಸೇರಿದರು. ಮುಂದೆ ಬ್ರೂಕ್ಲಿನ್‌ನಲ್ಲಿ ಕುಟುಂಬ ಪುಟ್ಟ ದಿನಸಿ ಅಂಗಡಿ ನಡೆಸಿತು. ಶಾಲೆಯಿಂದ ಬಂದ ಮಗನನ್ನು ತಾಯಿ, ಇಂದು ಏನು ಕಲಿತೆ ಎಂದು ಕೇಳುತ್ತಿರಲಿಲ್ಲವಂತೆ. ಒಳ್ಳೆಯ ಪ್ರಶ್ನೆಯನ್ನೇನಾದರೂ ಕೇಳಿದೆಯಾ ಎಂದು ವಿಚಾರಿಸುತ್ತಿದ್ದರಂತೆ. ತಾವು ವಿಜ್ಞಾನಿಯಾದದ್ದು ಆ ಅಭ್ಯಾಸದಿಂದಲೇ ಎಂದು ರಬಿ ನಂಬಿದ್ದರು.

ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ 1919ರಲ್ಲಿ ಪದವಿ ಪಡೆದ ಅವರು, 1927ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಗಳಿಸಿದರು. ಹರಳುಗಳ ಕಾಂತೀಯ ಗುಣವೇ ಪ್ರಬಂಧದ ವಿಷಯ. ಬಳಿಕ ಯುರೋಪಿಗೆ ತೆರಳಿ, ಹ್ಯಾಂಬರ್ಗ್‌ನಲ್ಲಿ ಒಟ್ಟೊ ಸ್ಟರ್ನ್ ಅವರ ಪ್ರಯೋಗಾಲಯದಲ್ಲಿ ನಿರ್ವಾತದ ಮೂಲಕ ಅಣುಗಳ ಧಾರೆಯನ್ನು ಹರಿಸಿ ಪರೀಕ್ಷಿಸುವ ವಿಧಾನವನ್ನು ಕಲಿತರು. 1929ರಲ್ಲಿ ಕೊಲಂಬಿಯಾಕ್ಕೆ ಅಧ್ಯಾಪಕರಾಗಿ ಮರಳಿದರು.

1938ರಲ್ಲಿ ರಬಿ ಮತ್ತು ಸಂಗಡಿಗರು ಅಂಥ ಅಣುಧಾರೆಯನ್ನು ಕಾಂತಕ್ಷೇತ್ರದಲ್ಲಿ ಹಾಯಿಸಿ, ಅದರ ಮೇಲೆ ರೇಡಿಯೋ ಕಂಪನವನ್ನು ಪ್ರಯೋಗಿಸಿದರು. ಕಾಂತಕ್ಷೇತ್ರದಲ್ಲಿ ಪರಮಾಣುವಿನ ಬೀಜಕೇಂದ್ರವು ಬುಗುರಿಯಂತೆ ಒಂದು ನಿಶ್ಚಿತ ಲಯದಲ್ಲಿ ತೂಗುತ್ತದೆ. ಹೊರಗಿನ ಕಂಪನವು ಆ ಲಯಕ್ಕೆ ಸರಿಹೊಂದಿದ ಕ್ಷಣದಲ್ಲಿ ಅದು ತನ್ನ ದಿಕ್ಕನ್ನು ಬದಲಿಸುತ್ತದೆ. ಇದೇ ಕಾಂತೀಯ ಅನುರಣನ. ಈ ವಿಧಾನಕ್ಕಾಗಿ ರಬಿಗೆ 1944ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು.

ಎರಡನೆಯ ಮಹಾಯುದ್ಧದಲ್ಲಿ ಅವರು ರಾಡಾರ್ ಸಂಶೋಧನೆಯಲ್ಲಿ ತೊಡಗಿದರು. 1945ರ ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಮೊದಲ ಅಣುಬಾಂಬ್ ಸ್ಫೋಟವನ್ನು ಕಣ್ಣಾರೆ ಕಂಡರು. 1949ರಲ್ಲಿ ಹೈಡ್ರೋಜನ್ ಬಾಂಬ್ ತಯಾರಿಕೆಯನ್ನು ಎನ್ರಿಕೊ ಫರ್ಮಿ ಅವರೊಡನೆ ನೈತಿಕ ನೆಲೆಯಲ್ಲಿ ವಿರೋಧಿಸಿದರು. ಯುರೋಪಿನ ದೇಶಗಳು ಕೂಡಿ ಕಟ್ಟಿದ ಸರ್ನ್ ಸಂಶೋಧನಾ ಕೇಂದ್ರಕ್ಕೆ 1950ರ ಯುನೆಸ್ಕೊ ಸಮ್ಮೇಳನದಲ್ಲಿ ಅವರು ಮಂಡಿಸಿದ ನಿರ್ಣಯ ಪ್ರೇರಣೆಯಾಯಿತು.

ಇತ್ತ ಅವರ ಶೋಧ ತನ್ನದೇ ದಾರಿ ಹಿಡಿಯಿತು. 1946ರಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್, ದ್ರವ ಹಾಗೂ ಘನವಸ್ತುಗಳಲ್ಲಿಯೂ ಅನುರಣನವನ್ನು ಗುರುತಿಸಿದ್ದನ್ನು ಪ್ರಕಟಿಸಿದರು. 1973ರಲ್ಲಿ ಪಾಲ್ ಲಾಟರ್‌ಬರ್ ಅದರಿಂದ ಚಿತ್ರ ಮೂಡಿಸುವ ಬಗೆಯನ್ನು ತೋರಿಸಿದರು. 1980ರ ದಶಕದಲ್ಲಿ ಯಂತ್ರ ಆಸ್ಪತ್ರೆಗಳಿಗೆ ಬಂದಾಗ, ರೋಗಿಗಳು ಬೆದರದಿರಲೆಂದು ಹೆಸರಿನಲ್ಲಿದ್ದ ನ್ಯೂಕ್ಲಿಯರ್ ಎಂಬ ಪದವನ್ನು ಬಿಡಲಾಯಿತು. ಅಲ್ಲಿ ಬಾಂಬಿನ ವಿಕಿರಣವಾಗಲಿ ಎಕ್ಸ್-ರೇ ಆಗಲಿ ಇರಲಿಲ್ಲ. ಆದರೂ ಪದವೊಂದೇ ಭಯ ಹುಟ್ಟಿಸಲು ಸಾಕಾಗಿತ್ತು. ರೋಗಿಯ ನೆಮ್ಮದಿಗಾಗಿ ಈ ಯಂತ್ರದ ವಿಷಯದಲ್ಲಿ ಆದ ಮೊದಲ ಸುಧಾರಣೆಗಳಲ್ಲಿ ಇದೂ ಒಂದು.

ಕ್ಯಾನ್ಸರ್‌ಪೀಡಿತರಾಗಿದ್ದ ರಬಿಯವರನ್ನು ಕೊನೆಗಾಲದಲ್ಲಿ ವೈದ್ಯರು ಎಂ.ಆರ್.ಐ. ಪರೀಕ್ಷೆಗೆ ಒಳಪಡಿಸಿದರು. ಯಂತ್ರದ ಒಳಮೈ ಕನ್ನಡಿಯಂತೆ ಹೊಳೆಯುತ್ತಿದ್ದುದರಿಂದ ಅವರಿಗೆ ಅಲ್ಲಿ ತಮ್ಮ ಬಿಂಬವೇ ಕಂಡಿತು. ತಮ್ಮ ಕೆಲಸ ಇಲ್ಲಿಗೆ ಬಂದು ಮುಟ್ಟೀತೆಂದು ಎಣಿಸಿರದ ಅವರಿಗೆ ಆ ನೋಟ ವಿಚಿತ್ರ ಕಳವಳವನ್ನು ತಂದಿತು. ತತ್ತ್ವವನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲವರಿಗೇ ಹೀಗಾದರೆ, ಏನೊಂದೂ ತಿಳಿಯದೆ ಒಳಗೆ ಸಾಗುವ ಸಾಮಾನ್ಯರ ಮನಃಸ್ಥಿತಿ ಊಹೆಗೆ ನಿಲುಕದ್ದಲ್ಲ. 1988ರ ಜನವರಿ 11ರಂದು ರಬಿ ನ್ಯೂಯಾರ್ಕ್‌ನಲ್ಲಿ ನಿಧನರಾದರು.

ಎಕ್ಸ್-ರೇಯಲ್ಲಿ ಸ್ಪಷ್ಟವಾಗಿ ಕಾಣದ, ಮಂಡಿಯೊಳಗಿನ ಲಿಗಮೆಂಟ್‌ನ ಹರುಕು ಹಾಗೂ ಕೀಲಿನ ಮೆತ್ತೆಯಂತಿರುವ ಮೆನಿಸ್ಕಸ್‌ನ ಸೀಳನ್ನು ಇಂದು ಎಂ.ಆರ್.ಐ. ತೋರಿಸುತ್ತದೆ. ಆದರೆ ನೋಯುವ ಕಾಲನ್ನು ಅರ್ಧ ಗಂಟೆಯಷ್ಟು ಕಾಲ ಅಲುಗಿಸದೆ ಇರಿಸಬೇಕು; ಅಲುಗಿದರೆ ಚಿತ್ರ ಮಸುಕಾಗಿ ಮತ್ತೆ ತೆಗೆಯಬೇಕಾಗುತ್ತದೆ. ಹೀಗಾಗಿ ಮಂಡಿಯ ಕೆಳಗಿಡುವ ಮೆತ್ತೆ, ಹೊದಿಸುವ ಹೊದಿಕೆ, ಯಂತ್ರದ ಬಡಿತದ ಸದ್ದನ್ನು ತಗ್ಗಿಸುವ ಕಿವಿಬಿರಟೆ, ಕೈಗೆ ಕೊಡುವ ಕರೆಗುಂಡಿ ಇವು ಕೇವಲ ಉಪಚಾರಗಳಲ್ಲ. ಸರಿಯಾದ ರೋಗನಿರ್ಣಯದ ಭಾಗಗಳೇ ಆಗಿವೆ. ಮಂಡಿಯ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕಾಲು ಮುಂದಾಗಿ ಒಳಹೋಗುತ್ತದೆ, ತಲೆ ಸುರಂಗದ ಬಾಯಿಯ ಬಳಿಯೋ ಹೊರಗೋ ಉಳಿಯುತ್ತದೆ. ಇಷ್ಟನ್ನು ಮುಂಚಿತವಾಗಿ ತಿಳಿಸಿದರೇ ಅರ್ಧ ಅಂಜಿಕೆ ಇಳಿಯುತ್ತದೆ. ಪೇಸ್‌ಮೇಕರ್ ಇದೆಯೇ, ಮೈಯೊಳಗೆ ಲೋಹದ ಚೂರಿದೆಯೇ ಎಂದು ವಿಚಾರಿಸುವುದು, ಕಾಲುಂಗುರ, ಬಳೆ, ಪಿನ್ನುಗಳನ್ನು ತೆಗೆಯಬೇಕಾದ ಕಾರಣವನ್ನು ಸಮಾಧಾನದಿಂದ ವಿವರಿಸುವುದು ಸಿಬ್ಬಂದಿಯ ಹೊಣೆ. ಎಷ್ಟು ಹೊತ್ತು, ಏಕೆ ಈ ಸದ್ದು, ನಡುವೆ ನಿಲ್ಲಿಸಬಹುದೇ ಎಂದು ಕೇಳುವುದು ರೋಗಿಯ ಹಕ್ಕು.

ರಬಿಯವರ ತಾಯಿ ದಿನವೂ ಮಗನಿಂದ ನಿರೀಕ್ಷಿಸಿದ್ದು ಒಂದು ಒಳ್ಳೆಯ ಪ್ರಶ್ನೆಯನ್ನು. ಅಂಥ ಪ್ರಶ್ನೆಗಳ ಬಲದಿಂದ ಹುಟ್ಟಿದ ಯಂತ್ರದ ಮುಂದೆ ರೋಗಿ ಕೇಳುವ ಪ್ರಶ್ನೆಗೆ ತಾಳ್ಮೆಯ ಉತ್ತರ ದೊರೆಯುವುದೇ ಅವರಿಗೆ ಸಲ್ಲುವ ಗೌರವ.