ಕ್ಯಾಪ್ಟನ್ ಟ್ರೈಪನೂ ಕತ್ತಲೆ ಕೋಣೆಯ ಕಲೆಯೂ

ಕತ್ತಲೆ ಕೋಣೆಯಲ್ಲಿ ಕುಳಿತು ಛಾಯಾಚಿತ್ರವನ್ನು ಕೈಯಾರೆ ಮೂಡಿಸುವ ವಿದ್ಯೆಯನ್ನು ಕಲಿಯಬಯಸುವವರು ಲಿನ್ನೇಯಸ್ ಟ್ರೈಪನ ಚರಿತ್ರೆಯನ್ನು ಅವಶ್ಯವಾಗಿ ತಿಳಿದಿರಬೇಕು. ಕಂಪನಿ ಸರಕಾರದ ದಂಡಿನ ಅಧಿಕಾರಿಯೊಬ್ಬನನ್ನು ನಾವು ಹೊಗಳುವುದೇಕೆಂದು ವಾಚಕರು ಹುಬ್ಬೇರಿಸಬಹುದು. ಆಳಿದವರ ಆಳ್ವಿಕೆಯನ್ನು ಖಂಡಿಸುವುದು ಬೇರೆ. ಕುಶಲನ ಕೈಕೆಲಸವನ್ನು ಒರೆಗೆ ಹಚ್ಚುವುದು ಬೇರೆ.

ಟ್ರೈಪನು ಇಂಗ್ಲೆಂಡಿನ ಡೆವನ್‌ಪೋರ್ಟಿನಲ್ಲಿ 1822ರಲ್ಲಿ ಜನಿಸಿದನು. ಇಪ್ಪತ್ತು ತುಂಬುವ ಮುನ್ನವೇ ಮದ್ರಾಸು ಸೈನ್ಯವನ್ನು ಸೇರಿದನು. 1850ರ ನಂತರ ರಜೆಯ ಮೇಲೆ ಸ್ವದೇಶಕ್ಕೆ ಹೋಗಿದ್ದಾಗ ಛಾಯಾಗ್ರಹಣದ ಹುಚ್ಚು ಹಿಡಿಯಿತು. 1854ರಲ್ಲಿ ಬೆಂಗಳೂರಿಗೆ ಹಿಂದಿರುಗಿದವನು, ಅದೇ ಡಿಸೆಂಬರಿನಲ್ಲಿ ಡಾಕ್ಟರ್ ನೀಲ್ ಎಂಬಾತನೊಡನೆ ಹಳೇಬೀಡು ಬೇಲೂರುಗಳಿಗೆ ಹೊರಟನು. ಹೊಯ್ಸಳ ಶಿಲ್ಪದ ಈ ಚಿತ್ರಗಳು 1855ರ ಮದ್ರಾಸು ಪ್ರದರ್ಶನದಲ್ಲಿ ಪ್ರಥಮ ದರ್ಜೆಯ ಪದಕವನ್ನು ತಂದುಕೊಟ್ಟವು.

ಆ ಕಾಲದಲ್ಲಿ ಫೋಟೋ ತೆಗೆಯುವುದೆಂದರೆ ಗುಂಡಿ ಒತ್ತುವ ಕೆಲಸವಾಗಿರಲಿಲ್ಲ. ಒಳ್ಳೆಯ ಕಾಗದಕ್ಕೆ ಮೇಣವನ್ನು ಕಾಯಿಸಿ ಊಡಿಸಬೇಕು, ಅಯೊಡೈಡಿನ ದ್ರಾವಣದಲ್ಲಿ ನೆನೆಸಿ ಒಣಗಿಸಬೇಕು, ಮಬ್ಬು ದೀಪದಲ್ಲಿ ಬೆಳ್ಳಿಯ ಲವಣದಲ್ಲಿ ಅದ್ದಬೇಕು. ಪೆಟ್ಟಿಗೆಯಲ್ಲಿಟ್ಟು ಎಷ್ಟೋ ನಿಮಿಷ ಬೆಳಕು ತೋರಿಸಿದರೂ ಕಾಗದದ ಮೇಲೆ ಕಣ್ಣಿಗೆ ಕಾಣುವಂಥದೇನೂ ಇರದು. ಗ್ಯಾಲಿಕ್ ಆಮ್ಲದಲ್ಲಿ ಗಂಟೆಗಟ್ಟಲೆ ಮುಳುಗಿಸಿಟ್ಟಾಗಲೇ ಗೋಪುರವು ಮೆಲ್ಲಗೆ ಮೇಲೇಳುವುದು. ಅನಂತರ ಹೈಪೋ, ಅನಂತರ ಕೊಡಗಟ್ಟಲೆ ನೀರಿನಲ್ಲಿ ತೊಳೆಯುವುದು. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಚಿತ್ರವು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಮಾಸುವುದು. ಚಿತ್ರಕ್ಕೆ ಬಣ್ಣವೂ ಬಾಳಿಕೆಯೂ ಬರಲೆಂದು ಅಂದಿನ ಕುಶಲರು ಚಿನ್ನದ ಲವಣವನ್ನೂ ಉಪಯೋಗಿಸುತ್ತಿದ್ದರು. (ಅದು ನಮ್ಮ ಕೋಲಾರದ ಚಿನ್ನವಲ್ಲ; ಇಲ್ಲಿಗೆ ಜಾನ್ ಟೇಲರ್ ಕಂಪನಿ ಬಂದುದು 1880ರಲ್ಲಿ.)

ಈ ಕಾಗದಗಳಿಗೆ ಇನ್ನೊಂದು ದೋಷವಿದ್ದಿತು. ನೀಲಿಯ ಬೆಳಕು ಅತಿಯಾಗಿ ನಾಟುತ್ತಿದ್ದುದರಿಂದ ಆಕಾಶವು ಬರಿಯ ಬಿಳುಪಾಗಿಯೂ ಮರಗಿಡಗಳು ಕರಿಯ ಮುದ್ದೆಯಾಗಿಯೂ ಅಚ್ಚಾಗುತ್ತಿದ್ದವು. ಟ್ರೈಪನು ನೆಗೆಟಿವ್ ಕಾಗದದ ಮೇಲೆ ಕುಂಚ ಹಿಡಿದು ಮೋಡಗಳನ್ನು ಬರೆದನು, ಎಲೆಗಳಿಗೆ ಬೆಳಕಿನ ಚುಕ್ಕೆಗಳನ್ನಿಟ್ಟನು. ಇದು ಮೋಸವೆಂದು ವಾದಿಸುವವರಿದ್ದಾರೆ. ಕಣ್ಣು ಕಂಡುದನ್ನು ಯಂತ್ರವು ಕಾಣದೆ ಹೋದಾಗ ಕೈಯು ತುಂಬಿಕೊಡುವುದು ಮೋಸವೆಂದು ನಮಗೆ ತೋರುವುದಿಲ್ಲ.

1855ರಲ್ಲಿ ಡಾಲ್‌ಹೌಸಿಯು ಬರ್ಮದ ಅರಸನಲ್ಲಿಗೆ ಕಳುಹಿಸಿದ ನಿಯೋಗದೊಡನೆ ಟ್ರೈಪನೂ ಹೋದನು. ಬರ್ಮದ ಒಂದು ಭಾಗವನ್ನು ಕಸಿದುಕೊಂಡ ಮೇಲೆ ನಡೆದ ನಿಯೋಗವದು. ಚಿತ್ರಗಳ ಹಿಂದೆ ಫಿರಂಗಿಯಿದ್ದಿತೆಂಬುದನ್ನು ಮರೆಯಲಾಗದು. ಮರಳಿ ಬಂದು ಬೆಂಗಳೂರಿನಲ್ಲಿ ಆ ಚಿತ್ರಗಳನ್ನು ಅಚ್ಚಿಳಿಸಿದನು. 120 ಚಿತ್ರಗಳ 50 ಸಂಪುಟಗಳು, ಅಂದರೆ 6000 ಅಚ್ಚುಗಳು, ಒಂದೊಂದೂ ಬಿಸಿಲಿನಲ್ಲಿ ಕಾಯಿಸಿ ಕೈಯಲ್ಲಿ ತೊಳೆದದ್ದು.

1856ರಲ್ಲಿ ಈತನು ಮದ್ರಾಸು ಸರಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡನು. ಮಾಲೂರಿನ ಮೇಲೆ ಹಾದುಹೋಗುವ ರೈಲು 1864ರವರೆಗೂ ಇರಲಿಲ್ಲ. ಮದ್ರಾಸಿಗೂ ಬೆಂಗಳೂರಿಗೂ ಇದ್ದ ಹೆದ್ದಾರಿಯು ನಮ್ಮ ಮುಳಬಾಗಿಲು ಕೋಲಾರಗಳ ಮೂಲಕವೇ ಸಾಗುತ್ತಿದ್ದಿತು. ಗಾಜಿನ ಸೀಸೆಗಳನ್ನೂ ತೂಕದ ಪೆಟ್ಟಿಗೆಗಳನ್ನೂ ಎತ್ತಿನ ಗಾಡಿಯಲ್ಲಿ ಸಾಗಿಸುವ ಕಾಲದಲ್ಲಿ ಟ್ರೈಪನು ಶ್ರೀರಂಗ, ಮಧುರೆ, ತಂಜಾವೂರು, ಪುದುಕೋಟೆಗಳನ್ನೂ, ಹೊಸೂರಿನಾಚೆಯ ರಾಯಕೋಟೆಯನ್ನೂ ಚಿತ್ರಿಸಿದನು. ತಂಜಾವೂರಿನ ದೇವಾಲಯದ ಅಧಿಷ್ಠಾನದ ಶಾಸನವನ್ನು 21 ಅಚ್ಚುಗಳಲ್ಲಿ ಜೋಡಿಸಿ ಸುಮಾರು 19 ಅಡಿ ಉದ್ದದ ಒಂದೇ ಚಿತ್ರವನ್ನಾಗಿಸಿದನು. ಚೋಳರ ಅಕ್ಷರಗಳು ಹೀಗೆ ಓದುಗನ ಮೇಜಿನ ಮೇಲೆ ಬಂದವು.

ಅಷ್ಟರಲ್ಲಿ 1857ರ ಸಂಗ್ರಾಮದಿಂದ ಸರಕಾರದ ಬೊಕ್ಕಸವು ಬರಿದಾಗಿದ್ದಿತು. 1859ರಲ್ಲಿ ಗವರ್ನರನಾಗಿ ಬಂದ ಟ್ರೆವೆಲಿಯನನು ಛಾಯಾಗ್ರಹಣವನ್ನು ದುಂದಿನ ಬಾಬತ್ತೆಂದೆಣಿಸಿ ಕೆಲಸವನ್ನು ನಿಲ್ಲಿಸಿದನು. ದಂಡಿನ ಖರ್ಚಿಗೆ ಇಲ್ಲದ ಮಿತವ್ಯಯವು ಕಲೆಯ ಖರ್ಚಿಗೆ ಬಂದಿತು! ಟ್ರೈಪನು ಮನನೊಂದು ಕ್ಯಾಮೆರವನ್ನು ಬಹುಮಟ್ಟಿಗೆ ಬಿಟ್ಟೇಬಿಟ್ಟನು. ಸೈನ್ಯದಲ್ಲಿ ಕರ್ನಲ್ ಪದವಿಯವರೆಗೆ ಏರಿ, ಸ್ವದೇಶಕ್ಕೆ ಮರಳಿ, 1902ರಲ್ಲಿ ತೀರಿಕೊಂಡನು. ಮಹತ್ತಾದ ಕೆಲಸವೆಲ್ಲವೂ ಆರೇಳು ವರ್ಷಗಳಲ್ಲಿ ಮುಗಿದಿದ್ದಿತು.

2014ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಈತನ ಅಚ್ಚುಗಳನ್ನು ಪ್ರದರ್ಶಿಸಿದಾಗ, ನೂರೈವತ್ತು ವರ್ಷಗಳ ಮೇಲೂ ಅವು ಮಾಸದೆ ಉಳಿದಿದ್ದವು. ಆದರೆ ವಿದ್ಯೆಯು ಚಿತ್ರಗಳಲ್ಲಿ ಮಾತ್ರ ಉಳಿಯಲಿಲ್ಲ. ಟ್ರೈಪನ ಬಳಿ ಕೆಲಸ ಕಲಿತ ಸಿ. ಅಯ್ಯಾಸ್ವಾಮಿಯವರು, ಡಾಕ್ಟರ್ ಹಂಟರನು 1850ರಲ್ಲಿ ಮದ್ರಾಸಿನಲ್ಲಿ ಸ್ಥಾಪಿಸಿದ ಕಲಾಶಾಲೆಯಲ್ಲಿ ಛಾಯಾಗ್ರಹಣದ ಉಪಾಧ್ಯಾಯರಾಗಿ, ನಮ್ಮ ದೇಶದ ಹುಡುಗರಿಗೆ ಅದನ್ನು ಕಲಿಸಿದರು.