ಡಿಸ್ಕ್ ತುಂಬಿದಾಗ ರಂಗನಾಥನ್

ಹಾರ್ಡ್ ಡಿಸ್ಕ್ ತುಂಬಿ ಕೆಂಪು ಗೆರೆ ಬಂತು ಅಂದ್ರೆ ನಾವೆಲ್ಲ ಮಾಡೋದು ಒಂದೇ. ಸ್ಟೋರೇಜ್ ಸೆಟ್ಟಿಂಗ್ಸ್ ತೆರೆದು, ಇಲ್ಲಾ ವಿನ್‌ಡಿರ್‌ಸ್ಟಾಟ್ ಓಡಿಸಿ, ಎಲ್ಲಕ್ಕಿಂತ ದೊಡ್ಡ ಫೈಲ್ ಯಾವುದು ಅಂತ ನೋಡಿ ಡಿಲೀಟ್ ಮಾಡ್ತೀವಿ. ಆ ಸಾಫ್ಟ್‌ವೇರ್ ಒಂದೊಂದು ಫೋಲ್ಡರ್ ಒಳಗೂ ಹೋಗಿ ಫೈಲ್‌ಗಳ ಗಾತ್ರ ಕೂಡಿಸಿ ಲೆಕ್ಕ ಕೊಡುತ್ತೆ. ಎಷ್ಟಿದೆ ಅಂತ ಗೊತ್ತಾಗುತ್ತೆ, ಏನಿದೆ ಅಂತ ಗೊತ್ತಾಗಲ್ಲ. ಈ 'ಏನಿದೆ' ಅನ್ನೋ ಪ್ರಶ್ನೆಗೆ ಇಡೀ ಬದುಕನ್ನೇ ಕೊಟ್ಟವರು ಎಸ್. ಆರ್. ರಂಗನಾಥನ್. ಅವರ ಮುಂದಿದ್ದದ್ದು ಕಂಪ್ಯೂಟರ್ ಅಲ್ಲ, ಪುಸ್ತಕದ ಕಪಾಟುಗಳು.

ರಂಗನಾಥನ್ ಹುಟ್ಟಿದ್ದು 1892ರಲ್ಲಿ, ಈಗಿನ ತಮಿಳುನಾಡಿನ ಶೀರ್ಕಾಳಿಯಲ್ಲಿ. ಓದಿದ್ದು ಗಣಿತ. 1917ರಲ್ಲಿ ಪಾಠ ಹೇಳೋಕೆ ಶುರು ಮಾಡಿದ್ದು ನಮ್ಮದೇ ಕರಾವಳಿಯ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಮೊದಮೊದಲು ಆ ಕೆಲಸ ಎಷ್ಟು ಬೇಸರ ಹಿಡಿಸಿತ್ತು ಅಂದ್ರೆ, ಪಾಠಕ್ಕೇ ವಾಪಸ್ ಹೋಗ್ತೀನಿ ಅಂತ ಕೇಳಿಕೊಂಡಿದ್ದರು. ಅದೇ ವರ್ಷ ತರಬೇತಿಗೆ ಲಂಡನ್‌ಗೆ ಹೋದ ಮೇಲೆ ಮನಸ್ಸು ಬದಲಾಯಿತು.

ಆಗ ಹೆಚ್ಚಿನ ಗ್ರಂಥಾಲಯಗಳಲ್ಲಿ ವಿಷಯಗಳನ್ನು ಮರದ ಕೊಂಬೆಗಳ ಹಾಗೆ ಮೊದಲೇ ಪಟ್ಟಿ ಮಾಡಿಡುತ್ತಿದ್ದರು. ಪ್ರತಿ ಪುಸ್ತಕಕ್ಕೂ ಒಂದೇ ಕೊಂಬೆ. ನಮ್ಮ ಫೋಲ್ಡರ್‌ಗಳೂ ಹೀಗೇ. ಅಂಕೋಲಾದ ಉಪ್ಪಿನ ಸತ್ಯಾಗ್ರಹದ ಬಗ್ಗೆ ಒಂದು ಫೈಲ್ ಇದ್ದರೆ ಅದನ್ನು 'ಅಂಕೋಲಾ'ದಲ್ಲಿ ಇಡಬೇಕಾ, 'ಸ್ವಾತಂತ್ರ್ಯ ಹೋರಾಟ'ದಲ್ಲಾ? ಗೊತ್ತಾಗದೆ ಎರಡೂ ಕಡೆ ಕಾಪಿ ಹಾಕ್ತೀವಿ. ಆಮೇಲೆ ಸಿಗದೆ ಮತ್ತೆ ಡೌನ್‌ಲೋಡ್ ಮಾಡ್ತೀವಿ. ಡಿಸ್ಕ್ ತುಂಬೋದು ಹೀಗೂ ಹೌದು.

ಲಂಡನ್ನಿನ ಅಂಗಡಿಯೊಂದರಲ್ಲಿ ರಂಗನಾಥನ್ ಮೆಕ್ಯಾನೊ ಆಟಿಕೆ ನೋಡಿದರು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು, ಆದರೆ ಜೋಡಿಸಿದಂತೆಲ್ಲ ಬೇರೆ ಬೇರೆ ವಸ್ತು. ವಿಷಯಗಳನ್ನೂ ಹೀಗೇ ಜೋಡಿಸಬಹುದಲ್ಲ ಅಂತ ಅವರಿಗೆ ಹೊಳೆಯಿತು. 1933ರಲ್ಲಿ ಕೋಲನ್ ವರ್ಗೀಕರಣ ಪ್ರಕಟವಾಯಿತು. ಪುಸ್ತಕದ ವಿಷಯವನ್ನು ಮುಖಗಳಾಗಿ ಬಿಡಿಸಿ, ಅವುಗಳ ಗುರುತುಗಳನ್ನು ಕೋಲನ್ ಚಿಹ್ನೆಯಿಂದ ಸೇರಿಸೋದು ಅದರ ಕ್ರಮ. ನಮ್ಮ ಫೈಲ್‌ನಲ್ಲಾದರೆ ವಸ್ತು ಉಪ್ಪು, ಕ್ರಿಯೆ ಸತ್ಯಾಗ್ರಹ, ಸ್ಥಳ ಅಂಕೋಲಾ, ಕಾಲ 1930. ಯಾವ ಮುಖದಿಂದ ಬಂದರೂ ಸಿಗಬೇಕು. ಇವತ್ತಿನ ಟ್ಯಾಗ್, ಫಿಲ್ಟರ್‌ಗಳ ಹಿಂದೆ ಇರೋದೂ ಇದೇ ಯೋಚನೆ.

ಅದಕ್ಕೂ ಮೊದಲು, 1931ರಲ್ಲಿ, ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಬರೆದಿದ್ದರು. ಪುಸ್ತಕ ಇರೋದು ಬಳಸೋದಕ್ಕೆ, ಓದುಗರ ಸಮಯ ಉಳಿಯಬೇಕು ಅನ್ನೋವು ಅವುಗಳಲ್ಲಿ ಎರಡು. ಐದನೆಯದರಲ್ಲಿ ಗ್ರಂಥಾಲಯವನ್ನು ಬೆಳೆಯುತ್ತಲೇ ಇರುವ ಜೀವಿ ಎಂದು ಕಂಡರು. ಅಂದರೆ ತುಂಬೋದು ರೋಗ ಅಲ್ಲ. ಒಳಗೇನಿದೆ ಅಂತ ಮರೆತುಹೋಗೋದೇ ರೋಗ.

1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಇಲ್ಲಿ ಕಟ್ಟಿದರು. 1965ರ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆಯೂ ಅವರ ಶ್ರಮ ಇದೆ. ಕಾರವಾರದ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕೂತು ಪೇಪರ್ ಓದುವವರಿಗೂ ಅವರ ಋಣ ಇದೆ ಅಂತಾಯ್ತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ನಮ್ಮ ಕಡೆ ಯಾರದೋ ಲ್ಯಾಪ್‌ಟಾಪ್‌ನಲ್ಲಿ ಹಾಲಕ್ಕಿ ಅಜ್ಜಿಯೊಬ್ಬರು ಹಾಡಿದ ಹಾಡಿನ ವಿಡಿಯೋ ಇರಬಹುದು. ಅದಕ್ಕೆ ಹೆಸರಿರಲ್ಲ, ಬರೀ ನಂಬರ್ ಇರುತ್ತೆ. ಗಾತ್ರದ ಪಟ್ಟಿಯಲ್ಲಿ ಮೊದಲು ಕಾಣೋದೇ ಅದು, ಮೊದಲು ಹೋಗೋದೂ ಅದೇ. ಸಿನಿಮಾ ಹೋದರೆ ಮತ್ತೆ ಸಿಗುತ್ತೆ. ಆ ಹಾಡು ಸಿಗಲ್ಲ. ಯಾರು ಹಾಡಿದ್ದು, ಯಾವ ಹಾಡು, ಯಾವ ಊರು, ಯಾವ ವರ್ಷ ಅಂತ ಫೈಲ್‌ಗೆ ಹೆಸರಿಡೋಕೆ ಅರ್ಧ ನಿಮಿಷ ಸಾಕು.